ಅಕ್ಕನ ಬಿಲ್ಲೆ

ಮನೆಯಲ್ಲಿ ಅವಳನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಸುಮ್ಮಸುಮ್ಮನೆ ಇಟ್ಟ ಹೆಸರಲ್ಲ. ಸ್ನಾನಕ್ಕೆ ಹೋದರೆ ಟವೆಲ್ ಮರೆಯುವಳು, ಟವೆಲ್ ತರಲು ಬಂದರೆ ನಲ್ಲಿ ನಿಲ್ಲಿಸುವುದನ್ನು ಮರೆಯುವಳು. ಇಂಥ ಮಹಾರಾಯಿತಿಯನ್ನು ಹಡಗಿನ ಮೇಲೆ ಬಂದರಿಂದ ಬಂದರಿಗೆ ಹೋಗುತ್ತ ಓದುವುದಕ್ಕೆ ಕಾಲೇಜಿನವರು ಆರಿಸಿದಾಗ ಅಪ್ಪನಿಗೆ ಖುಷಿಗಿಂತ ಎದೆ ಢವಢವವೇ ಜಾಸ್ತಿಯಾಯಿತು. ಅದೇ ಹಡಗಿಗೆ ಅವಳು ಅಕ್ಕ ಎಂದು ಕರೆಯುತ್ತಿದ್ದ ದೊಡ್ಡಪ್ಪನ ಮಗಳೂ ಆಯ್ಕೆಯಾಗಿದ್ದಳು. ಆದರೆ ದೊಡ್ಡಪ್ಪ, ಹೆಣ್ಣುಮಕ್ಕಳಿಗೆ ನೀರಿನ ಮೇಲೆ ಎಂಥ ಪಾಠ ಎಂದು ಪಟ್ಟು ಹಿಡಿದು ಕೂತಿದ್ದರು. ಕೊನೆಗೆ ಅಪ್ಪನೇ ಹೋಗಿ, ನಿನ್ನ ಮಗಳು ಜೊತೆಗಿಲ್ಲದಿದ್ದರೆ ನನ್ನದನ್ನು ಕಳಿಸಲು ಧೈರ್ಯವಿಲ್ಲ ಅಣ್ಣ ಎಂದು ಗೋಗರೆದ ಮೇಲೆ ಒಪ್ಪಿದರು. ಒಪ್ಪುವಾಗಲೂ ಒಂದು ಮಾತು ಸೇರಿಸಿದರು: ಮಗಳ ಮೇಲೆ ಒಂದೇ ಒಂದು ದೂರು ಬಂದರೂ ಅವಳ ಓದು ಅಲ್ಲಿಗೆ ಮುಗಿಯಿತು.

ಅಕ್ಕನಿಗೆ ಆ ಹಡಗೆಂದರೆ ಜೀವ. ಉಳಿದ ಹುಡುಗಿಯರು ಮೊದಲ ವಾರವೆಲ್ಲ ವಾಂತಿ ಮಾಡಿಕೊಂಡು ಮುಖ ಸೊಪ್ಪಾಗಿಸಿಕೊಂಡು ಮಲಗಿದ್ದರೆ, ಇವಳು ಬಲೆಯಲ್ಲಿ ಸಿಕ್ಕ ಸಣ್ಣ ಸಣ್ಣ ಜೀವಿಗಳನ್ನು ಗಾಜಿನ ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ಕೂತಿರುತ್ತಿದ್ದಳು. ಮುಂದೆ ಇದನ್ನೇ ಓದುತ್ತೇನೆ, ಇದನ್ನೇ ಕಲಿಸುತ್ತೇನೆ ಎನ್ನುತ್ತಿದ್ದಳು. ಗಡಿಬಿಡಿಗೆ ಹಾಗೆಲ್ಲ ಏನೂ ಇರಲಿಲ್ಲ. ಅವಳು ಬಂದದ್ದು ಊರು ನೋಡಲು.

ಹಡಗಿನ ಏಣಿ ಹತ್ತಿದೊಡನೆ ಗೋಡೆಗೆ ಒಂದು ದೊಡ್ಡ ಹಲಗೆ. ಅದರಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಬಿಲ್ಲೆ, ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿರು. ಊರಿಗೆ ಇಳಿಯುವಾಗ ಕೆಂಪು ಮಾಡಿ ಹೋಗಬೇಕು, ವಾಪಸು ಬಂದಾಗ ಹಸಿರು ಮಾಡಬೇಕು. ಒಂದು ಬಿಲ್ಲೆ ಕೆಂಪಿದ್ದರೂ ಹಡಗು ಸ್ವಲ್ಪ ಹೊತ್ತು ಕಾಯುತ್ತದೆ, ಜನ ಕಳಿಸಿ ಹುಡುಕಿಸುತ್ತದೆ. ಎಲ್ಲ ಹಸಿರಾದರೆ ಏಣಿ ಎತ್ತಿಬಿಡುತ್ತಾರೆ. ಮೇಲ್ವಿಚಾರಕಿ ಮೊದಲ ದಿನವೇ ಇದನ್ನು ಬಿಡಿಸಿ ಬಿಡಿಸಿ ಹೇಳಿದ್ದರು. ಗಡಿಬಿಡಿಯ ಕಿವಿಗೆ ಅದು ಹಾಜರಿ ತೆಗೆದುಕೊಳ್ಳುವ ಹಾಗೆ ಕೇಳಿಸಿತು. ಕಾಲೇಜಿನಲ್ಲಿ ಗೆಳತಿ ಬರದಿದ್ದರೆ ದನಿ ಬದಲಾಯಿಸಿ ‘ಎಸ್ ಮೇಡಂ’ ಎಂದು ಪ್ರಾಕ್ಸಿ ಹೊಡೆಯುವುದರಲ್ಲಿ ಅವಳು ಎತ್ತಿದ ಕೈ.

ಒಂದು ಬಂದರಿನಲ್ಲಿ ಅಕ್ಕತಂಗಿಯರಿಬ್ಬರೂ ದಿನವಿಡೀ ಸುತ್ತಿ, ಇನ್ನೇನು ಹಡಗಿನ ಹತ್ತಿರ ಬಂದರು ಅನ್ನುವಾಗ ಅವಳಿಗೆ ಕನ್ನಡಕ ನೆನಪಾಯಿತು. ಚಹಾ ಕುಡಿದ ಅಂಗಡಿಯಲ್ಲಿ, ಮುಖ ತೊಳೆಯುವಾಗ ತೆಗೆದಿಟ್ಟದ್ದು, ಅಲ್ಲೇ ಉಳಿದಿತ್ತು. ಅಕ್ಕ ಹಣೆ ಚಚ್ಚಿಕೊಂಡಳು. ನೀನು ಹೋದರೆ ಅಂಗಡಿಯೇ ಕಾಣುವುದಿಲ್ಲ, ನಡಿ, ನಾನು ಓಡಿ ತರುತ್ತೇನೆ, ಇನ್ನೂ ಹೊತ್ತಿದೆ ಎಂದು ತಿರುಗಿ ಹೊರಟಳು.

ಗಡಿಬಿಡಿ ಏಣಿ ಹತ್ತಿದಳು. ಹಲಗೆಯ ಮುಂದೆ ನೂಕುನುಗ್ಗಲು. ತನ್ನ ಬಿಲ್ಲೆ ತಿರುಗಿಸಿದಳು. ಪಕ್ಕದಲ್ಲೇ ಅಕ್ಕನದು ಕೆಂಪಗಿತ್ತು. ತಡವಾದರೆ ಪಾಪ, ನನ್ನಿಂದ ಅವಳಿಗೆ ಬೈಗುಳ, ದೂರು ಬೇರೆ ಮನೆಗೆ ಹೋಗುತ್ತದೆ, ಹೇಗೂ ಬಂದೇ ಬರುತ್ತಾಳೆ ಎಂದುಕೊಂಡು ಅದನ್ನೂ ಹಸಿರು ಮಾಡಿದಳು. ಉಪಕಾರ ಮಾಡಿದೆ ಎಂಬ ಸಂತೋಷದಲ್ಲೇ ಹೋಗಿ ಸ್ನಾನ ಮಾಡಿದಳು, ತಲೆ ಬಾಚಿಕೊಂಡಳು.

ಹಡಗು ಅಲುಗಿದಾಗ ಎಲ್ಲರ ಜೊತೆ ಅವಳೂ ಹಡಗಿನ ಅಂಚಿನ ಕಟಕಟೆಯ ಬಳಿ ನಿಂತಿದ್ದಳು. ಅಕ್ಕ ಎಂದಿನಂತೆ ಪ್ರಯೋಗಶಾಲೆಗೆ ಹೋಗಿರಬೇಕೆಂದು ಅವಳ ಲೆಕ್ಕ. ಕೆಳಗೆ ಯಾರೋ ಒಬ್ಬ ಹುಡುಗಿ ದಡದ ಉದ್ದಕ್ಕೂ ಓಡುತ್ತ ಎರಡೂ ಕೈ ಬೀಸುತ್ತಿದ್ದಳು. ಈ ಊರಿನವರು ಎಷ್ಟು ಒಳ್ಳೆಯವರಪ್ಪ ಎಂದರು ಯಾರೋ. ಎಲ್ಲರೂ ನಗುತ್ತ ತಿರುಗಿ ಕೈ ಬೀಸಿದರು. ಕನ್ನಡಕವಿಲ್ಲದ ಗಡಿಬಿಡಿಯೂ ಬೀಸಿದಳು, ಎಲ್ಲರಿಗಿಂತ ಜೋರಾಗಿ.

ಊಟದ ಹೊತ್ತಿಗೆ ವಿಷಯ ಬಯಲಾಯಿತು. ಹುಡುಗಿ ಬಂದರಿನ ಕಚೇರಿಯಲ್ಲಿದ್ದಾಳೆ, ಕ್ಷೇಮವಾಗಿದ್ದಾಳೆ, ಮುಂದಿನ ಬಂದರಿಗೆ ರೈಲಿನಲ್ಲಿ ಕಳಿಸುತ್ತಾರೆ ಎಂದು ಸುದ್ದಿ ಬಂತು. ಹಾಗಾದರೆ ಬಿಲ್ಲೆ ಹಸಿರಾದದ್ದು ಹೇಗೆ? ಯಾರಿಂದಲೋ ತಿರುಗಿಸಿಕೊಂಡು ಊರು ಸುತ್ತಲು ಹೋಗಿದ್ದಾಳೆ, ಪಾಪದವಳ ಹಾಗಿದ್ದಳು, ಭಾರಿ ಕಿಲಾಡಿ ಎಂದು ಮೇಜಿನ ಸುತ್ತ ಕೂತವರೆಲ್ಲ ತೀರ್ಪು ಕೊಟ್ಟರು. ಗಡಿಬಿಡಿ ತಲೆ ತಗ್ಗಿಸಿ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದಳು. ಬಾಯಿ ಖಾಲಿಯಿದ್ದರೆ ಮಾತಾಡಬೇಕಾಗುತ್ತದಲ್ಲ! ಅಕ್ಕ ಬರಲಿ, ಅವಳ ಎದುರೇ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಡಿಗಳಿಗೆ ನಾಳೆಯೆಂಬುದು ಬಹಳ ಅನುಕೂಲದ ದಿನ.

ಮುಂದಿನ ಬಂದರಿನಲ್ಲಿ ಅಕ್ಕ ಬಂದಳು. ಮುಖ ಬಾಡಿತ್ತು, ಬಟ್ಟೆ ಅದೇ ಇತ್ತು. ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಏನೂ ಕೇಳದೆ ಅದನ್ನು ಇವಳ ಕೈಯಲ್ಲಿಟ್ಟು ನೇರವಾಗಿ ಮೇಲ್ವಿಚಾರಕಿಯ ಕೋಣೆಗೆ ನಡೆದಳು.

ಗಡಿಬಿಡಿ ಬಾಗಿಲ ಹೊರಗೆ ನಿಂತಳು. ಒಳಗಿನ ಮಾತು ಚೆನ್ನಾಗಿಯೇ ಕೇಳುತ್ತಿತ್ತು. ತಡವಾಗಿದ್ದರೆ ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಿದ್ದೆ, ಆದರೆ ಬಿಲ್ಲೆಯ ವಿಷಯದಲ್ಲಿ ಮೋಸ ಮಾಡಿದವರನ್ನು ಇಲ್ಲಿಂದಲೇ ಮನೆಗೆ ಕಳಿಸಬೇಕು, ಯಾರು ತಿರುಗಿಸಿದರು ಹೇಳು ಎಂದು ಮೇಲ್ವಿಚಾರಕಿ ಕೇಳುತ್ತಿದ್ದರು. ಅಕ್ಕ, ನನಗೆ ಗೊತ್ತಿಲ್ಲ ಮೇಡಂ ಎಂದಳು. ಗೊತ್ತಿಲ್ಲದೆ ಏನು! ಕಣ್ಣು ಮುಚ್ಚಿಕೊಂಡೂ ಹೇಳಬಲ್ಲಳು.

ಇನ್ನು ತಡೆಯಲಾಗದೆ ಗಡಿಬಿಡಿ ಒಳಗೆ ನುಗ್ಗಿದಳು. ನಾನೇ ತಿರುಗಿಸಿದ್ದು ಎಂದು ಬಿಕ್ಕಳಿಸಿದಳು. ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ ಎಂದೂ ಹೇಳುವುದಿತ್ತು, ಅಳು ಬಂದು ಮಾತು ಕಟ್ಟಿತು. ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಎದ್ದು ಬಂದು ಬೆನ್ನು ಸವರಿದರು.

“ಅಳಬೇಡಮ್ಮ. ದೊಡ್ಡವಳು ತಿರುಗಿಸು ಅಂದಳು, ನೀನು ತಿರುಗಿಸಿದೆ. ಅಷ್ಟೇ ತಾನೇ?”

ಗಡಿಬಿಡಿಯ ತಲೆ ಆಡಿತು. ಹೌದು ಎಂಬಂತೆ ಆಡಿತು.

ಅಕ್ಕ ಅವಳನ್ನೇ ನೋಡಿದಳು. ನಿಜವೇ ಎಂದು ಮೇಲ್ವಿಚಾರಕಿ ಕೇಳಿದ್ದಕ್ಕೆ, ಅವಳೇ ಹೇಳಿದ ಮೇಲೆ ಆಯ್ತಲ್ಲ ಮೇಡಂ ಎಂದಳು. ದನಿ ಏರಿಸಲಿಲ್ಲ.

ಕೋಣೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಾಗ ಗಡಿಬಿಡಿ ಪಕ್ಕದಲ್ಲಿ ನಿಂತು ಅಳುತ್ತಿದ್ದಳು. ಈಗಲೇ ಹೋಗಿ ಹೇಳಿಬಿಡುತ್ತೇನೆ ಕಣೇ ಅಕ್ಕ ಎಂದಳು. ಹೇಳಿ ನಿಂತೇ ಇದ್ದಳು. ಅಕ್ಕ ಸ್ವಲ್ಪ ಹೊತ್ತು ಕಾದಳು, ಆಮೇಲೆ ಪೆಟ್ಟಿಗೆ ಮುಚ್ಚಿದಳು.

“ಬಾಯಿಬಿಟ್ಟು ಸುಳ್ಳು ಹೇಳಿದ್ದಿದ್ರೆ ನಿನ್ ಹತ್ರ ಜಗಳ ಆಡ್ತಿದ್ದೆ. ಬರೀ ತಲೆ ಆಡಿಸಿದ್ಯಲ್ಲೇ. ಅದಕ್ಕೆ ಏನಂತ ಜಗಳ ಆಡ್ಲಿ?”

ಮರುದಿನ ಅಕ್ಕ ವಿಮಾನ ಹತ್ತಿ ಮನೆಗೆ ಹೋದಳು. ತಾನಾಗಿ ಬಂದು ಒಪ್ಪಿಕೊಂಡಳೆಂದು ಗಡಿಬಿಡಿಗೆ ಶಿಕ್ಷೆ ಕಡಿಮೆ. ಆ ಬಂದರಿನಲ್ಲಿ ಇಳಿಯುವಂತಿಲ್ಲ, ಅಷ್ಟೇ. ತರಗತಿಯಲ್ಲಿ ಅವಳ ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಒಳ್ಳೆಯ ಮಾತೂ ಬಂದವು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಡಗಿನಲ್ಲಿ ಅದೂ ಇರಲಿಲ್ಲ.

ಹಡಗು ಇನ್ನೂ ದಡದಲ್ಲಿದ್ದಾಗಲೇ ದೊಡ್ಡಪ್ಪನ ಫೋನ್ ಬಂತು. ಬೈಯುತ್ತಾರೆ, ಬೈಯಲಿ, ಬೈದರೆ ಎಲ್ಲ ಹೇಳಿಬಿಡುತ್ತೇನೆ, ಅಕ್ಕನ ಓದು ಬಿಡಿಸಬೇಡಿ ಎಂದು ಕಾಲು ಹಿಡಿದುಕೊಳ್ಳುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಅವಳು ಫೋನ್ ಎತ್ತಿದಳು. ದೊಡ್ಡಪ್ಪ ಬೈಯಲಿಲ್ಲ. ಹುಟ್ಟಿದಾಗಿನಿಂದ ಇವಳನ್ನು ಗದರಿಸಿಯೇ ಮಾತಾಡಿಸಿದ ಮನುಷ್ಯನ ಗಂಟಲು ಅಂದು ತಗ್ಗಿತ್ತು.

“ನಿನ್ನ ನೋಡ್ಕೋ ಅಂತ ಕಳಿಸಿದ್ವಿ ಅವಳನ್ನ. ಅವಳೇ ನಿನ್ನ ಕೈಲಿ ಇಂಥ ಕೆಲಸ ಮಾಡ್ಸಿದ್ಲು. ನಾಳೆಯಿಂದ ಅವಳ ಪುಸ್ತಕ ಎಲ್ಲ ಅಟ್ಟಕ್ಕೆ. ನನ್ನ ಮಗಳು ಮಾಡಿದ ತಪ್ಪಿಗೆ ನಾನು ನಿನ್ನ ಕ್ಷಮೆ ಕೇಳ್ತೀನಮ್ಮ.”

ಮನೆಗೆಲ್ಲ ದೊಡ್ಡವರು ಆ ಕಡೆ ಉತ್ತರಕ್ಕಾಗಿ ಕಾಯುತ್ತಿದ್ದರು. ಗಡಿಬಿಡಿ ಬಾಯಿ ತೆರೆದಳು.

“ಪರವಾಗಿಲ್ಲ, ಬಿಡಿ ದೊಡ್ಡಪ್ಪ,” ಎಂದಳು.