ಕ್ಯಾಮೆರಾದ ಕೆಳಗೆ ನಿಂತವಳು

ದೀಕ್ಷಿತಾಳ ಬಳಿ ತಾನು ಮಾಡಿದ ಕೆಲಸಕ್ಕೆ ಒಂದು ಸಾಕ್ಷಿಯೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅವಳು ಡ್ಯಾನ್ಸ್ ಮಾಸ್ಟರ್ ಹರಿದಾಸರ ಕೈಕೆಳಗೆ ಅಸಿಸ್ಟೆಂಟ್. ಹಾಡಿಗೆ ಹೆಜ್ಜೆ ಕೂಡಿಸುವುದು ಅವಳು, ಕುಣಿಯುವವರಿಗೆ ಕಲಿಸುವುದು ಅವಳು, ಪರದೆಯ ಮೇಲೆ ಬರುವ ಹೆಸರು ಮಾಸ್ಟರದು. ಶೂಟಿಂಗ್ ನಡೆಯುವಲ್ಲಿ ಫೋನುಗಳನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ, ಹಾಗಾಗಿ ಒಂದು ಫೋಟೋ ಕೂಡ ಇಲ್ಲ. ತಾನೂ ಮಾಸ್ಟರ್ ಆಗಬೇಕೆಂದು ಡ್ಯಾನ್ಸರುಗಳ ಸಂಘಕ್ಕೆ ಅರ್ಜಿ ಹಾಕಲು ಹೋದಾಗ ಕಾರ್ಯದರ್ಶಿ ಎರಡೇ ದಾರಿ ತೋರಿಸಿದ್ದರು: ನಿನ್ನ ಮಾಸ್ಟರಿಂದ ಪತ್ರ ತಾ, ಇಲ್ಲವೇ ಬಿಡುಗಡೆಯಾದ ಯಾವುದಾದರೂ ವಿಡಿಯೊದಲ್ಲಿ ನೀನೇ ಹೇಳಿಕೊಟ್ಟದ್ದನ್ನು ಕಣ್ಣಿಗೆ ಕಾಣುವಂತೆ ತೋರಿಸು. ಅರ್ಜಿ ತೆಗೆದುಕೊಳ್ಳುವುದು ವರ್ಷಕ್ಕೊಮ್ಮೆ. ಪತ್ರ ಕೇಳಿದರೆ ಹರಿದಾಸ್ ಮಾಸ್ಟರ್, ಬರುವ ವರ್ಷ ನೋಡೋಣ ಎಂದು ಮೂರನೇ ವರ್ಷವೂ ಹೇಳಿದ್ದರು.

ಎರಡನೆಯದು ಆಗುವ ಮಾತಲ್ಲ. ಹೇಳಿಕೊಡುವವಳು ನಿಲ್ಲುವುದೇ ಕ್ಯಾಮೆರಾ ನೋಡದ ಕಡೆ.

ಆ ತಿಂಗಳು ರಚನಾಳ ಹಾಡಿನ ಶೂಟಿಂಗ್ ಅಂಬತ್ತೂರಿನ ಮುಚ್ಚಿದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ನಡೆದಿತ್ತು. ರಚನಾ ಇಪ್ಪತ್ಮೂರರ ಗಾಯಕಿ. ಅಡ್ಯಾರಿನಲ್ಲಿ ಬೆಳೆದ ಕನ್ನಡದ ಹುಡುಗಿ, ಹಾಡುವುದು ತಮಿಳಿನಲ್ಲಿ. ನನ್ನನ್ನು ಯಾರೂ ಕುಣಿಸಲಾರರು ಎನ್ನುವುದು ಹಾಡಿನ ಸಾರ. ಅದಕ್ಕೆ ನಿರ್ದೇಶಕ ಹದಿನಾರು ಗಂಡಸರನ್ನು ಬನಿಯನ್ನಿನಲ್ಲಿ ಮಂಡಿಯೂರಿಸಿ, ನಡುವೆ ಎತ್ತರದ ಕುರ್ಚಿ ಹಾಕಿಸಿ, ರಚನಾಳಿಗೆ ಕಪ್ಪು ಕನ್ನಡಕ ತೊಡಿಸಿ, ಒಬ್ಬನ ಹೆಗಲ ಮೇಲೆ ಕಾಲಿಡಲು ಹೇಳಿದ್ದ. ಹೆಣ್ಣಿನ ಅಧಿಕಾರವೆಂದರೆ ಅವನಿಗೆ ತಿಳಿದದ್ದು ಅಷ್ಟು. ಕಾಲು ಎಷ್ಟು ಎತ್ತಬೇಕೆಂದೂ ಅವನೇ ಅಳೆದು ಹೇಳಿದ.

ರಚನಾಳಿಗೆ ಕಾಲು ಸರಿಯಾಗಿ ಬರುತ್ತಿತ್ತು, ಕೈ ಮರೆತುಹೋಗುತ್ತಿತ್ತು. ಕ್ಯಾಮೆರಾದ ಎಡಕ್ಕೆ ನಿಂತು ಒಂದು ಎಣಿಕೆ ಮುಂದಾಗಿ ಕುಣಿದು ತೋರಿಸುವುದು ದೀಕ್ಷಿತಾಳ ರೂಢಿ. ಅವಳನ್ನು ನೋಡಲು ರಚನಾಳ ಮುಖ ಪಕ್ಕಕ್ಕೆ ವಾಲುತ್ತಿದೆಯೆಂದು ಕ್ಯಾಮೆರಾಮನ್ ಗೊಣಗಿದ. ದೀಕ್ಷಿತಾ ಲೆನ್ಸಿನ ನೇರ ಕೆಳಗೆ ಬಂದು ನಿಂತಳು. ಕೆಲಸ ಬೇಗ ಮುಗಿಯಿತು. ಕನ್ನಡಕದ ಗಾಜಿನ ಯೋಚನೆ ಯಾರಿಗೂ ಬರಲಿಲ್ಲ.

ಹತ್ತು ದಿನದ ಮೇಲೆ ಗಿಂಡಿಯ ಎಡಿಟಿಂಗ್ ಆಫೀಸಿನಿಂದ ಪ್ರಮೋದ್ ಫೋನ್ ಮಾಡಿದ. ಶಾಟುಗಳಲ್ಲಿ ಬೇಡದ್ದನ್ನು ಅಳಿಸುವುದು ಅವನ ಕೆಲಸ.

"ಅಕ್ಕಾ, ಹೀರೋಯಿನ್ ಕಣ್ಣಲ್ಲಿ ಸಿಕ್ಕಾಕೊಂಡಿದೀರಿ. ಸುಮ್ಮಾ ತಮಾಷೆ ಅಲ್ಲ, ಬಂದು ನೋಡಿ."

ಹೋದಳು. ಪ್ರಮೋದ್ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ಎರಡು ಗಾಜಿನಲ್ಲೂ ಹೆಬ್ಬೆರಳುದ್ದದ ಹೆಂಗಸು, ವೇಲ್ ಸೊಂಟಕ್ಕೆ ಬಿಗಿದವಳು, ಕೈ ಎತ್ತುತ್ತಾಳೆ. ಎತ್ತಿದ ಮೇಲೆ ರಚನಾ ಎತ್ತುತ್ತಾಳೆ. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹರಿದಾಸ್ ಮಾಸ್ಟರ್, ತಲೆ ಬಗ್ಗಿಸಿ ಫೋನು ನೋಡುತ್ತಿದ್ದಾರೆ. ಅವರ ಫೋನನ್ನು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ಇದನ್ನು ಅಳಿಸಬೇಡ ಎಂದಳು ದೀಕ್ಷಿತಾ. ಸಂಘದ ಮಾತನ್ನೂ ಹೇಳಿದಳು. ಪ್ರಮೋದ್ ಚಿತ್ರವನ್ನು ಮತ್ತೆ ಚಿಕ್ಕದು ಮಾಡಿ ನೋಡಿದ. ಫೋನಿನಲ್ಲಿ ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಹುಡುಕಿದವರಿಗೆ ಮಾತ್ರ ಸಿಗುತ್ತದೆ, ತನ್ನದೇನೂ ಅಡ್ಡಿಯಿಲ್ಲ, ಆದರೆ ರಚನಾ ಒಪ್ಪಬೇಕು ಎಂದ. ನಾಲ್ಕಕ್ಕೆ ಅವಳು ಬರುವವಳಿದ್ದಳು.

"ಅಲ್ಲೀವರೆಗೂ ಟೀ ಕುಡೀರಿ. ಮಾಸ್ಟರ್ ಥರ ಹಾಯಾಗಿ ಕೂತ್ಕೊಂಡು."

ರಚನಾ ಬಂದಾಗ ಹವಾಯಿ ಚಪ್ಪಲಿಯಲ್ಲಿದ್ದಳು, ತಲೆಗೆ ಎಣ್ಣೆ ಹಚ್ಚಿದ್ದಳು. ಶಾಟುಗಳನ್ನು ಎರಡು ಸಲ ನೋಡಿದಳು. ಗಾಜಿನೊಳಗಿನ ಮಾಸ್ಟರನ್ನು ಕಂಡು ನಕ್ಕಳು. ದೀಕ್ಷಿತಾ ತನಗೆ ಬೇಕಾದದ್ದನ್ನು ಸುತ್ತುಬಳಸಿಲ್ಲದೆ ಹೇಳಿದಳು.

"ನೀವೇ ಕಲಿಸಿದ್ದು ಅಂತ ಯಾರ ಎದುರಿಗೆ ಬೇಕಾದ್ರೂ ಹೇಳ್ತೀನಿ ಅಕ್ಕಾ."

"ಹೇಳೋದು ಬೇಡ ಮೇಡಂ. ಅಳಿಸದಿದ್ರೆ ಸಾಕು."

ರಚನಾ ಕುರ್ಚಿ ಎಳೆದುಕೊಂಡು ಕುಳಿತಳು. "ಹೋದ ಹಾಡಿಗೆ ಬಂದ ಫಸ್ಟ್ ಕಮೆಂಟ್ ಏನು ಗೊತ್ತಾ? ಇವಳ ಹಿಂದೆ ಯಾವ ಗಂಡಸಿದಾನೆ ಅಂತ. ಟ್ಯೂನ್ ನಂದೇ, ಲಿರಿಕ್ಸ್ ನಂದೇ, ಆದ್ರೂ ಹುಡುಕ್ತಾರೆ. ಈಗ ಮುಂದೆ ಒಬ್ರು ನಿಂತು ಕುಣಿಸ್ತಿದಾರೆ ಅಂತ ಸಿಕ್ಕಿದ್ರೆ ಬಿಡ್ತಾರಾ? ನೀವೇ ಹೇಳಿ."

ಬಿಡುವುದಿಲ್ಲ ಎಂದು ದೀಕ್ಷಿತಾಳಿಗೂ ಗೊತ್ತಿತ್ತು. ತಾನು ಹೆಜ್ಜೆ ಕೂಡಿಸಿದ ಹಾಡುಗಳ ಕೆಳಗೆ ಜನ ಬರೆದದ್ದನ್ನು ಅವಳು ಓದುತ್ತಿದ್ದಳು. ಆದರೂ, ಒಂದೇ ಒಂದು ಶಾಟ್ ಉಳಿಸಿ ಎಂದು ಕೇಳಿದಳು. ಹುಡುಕುವವರಿಗೆ ಒಂದೇ ಸಾಕು ಎಂದಳು ರಚನಾ.

ಆಮೇಲೆ ಅವಳಾಗಿಯೇ ಹರಿದಾಸ್ ಮಾಸ್ಟರಿಗೆ ಫೋನ್ ಮಾಡಿದಳು. ದೀಕ್ಷಿತಾಳಿಗೆ ಪತ್ರ ಬರೆದುಕೊಡಿ ಎಂದು ತಮಿಳಿನಲ್ಲಿ, ಮರ್ಯಾದೆಯಿಂದಲೇ ಕೇಳಿದಳು. ಆ ಕಡೆಯ ಮಾತು ಉದ್ದವಾಗಿತ್ತು. ರಚನಾ ನಾಲ್ಕೈದು ಸಲ ಸರಿ ಮಾಸ್ಟರ್ ಎಂದಳು, ಫೋನನ್ನು ಮೇಜಿನ ಮೇಲಿಟ್ಟಳು.

"ಬರೋ ವರ್ಷ ನೋಡೋಣ ಅಂದ್ರು. ನನ್ನ ಮುಂದಿನ ಹಾಡಿಗೂ ಮ್ಯೂಸಿಕ್ ಕಂಪನಿ ಅವರನ್ನೇ ಬುಕ್ ಮಾಡಿದೆಯಂತೆ. ನಂಗೇ ಗೊತ್ತಿರಲಿಲ್ಲ."

ರಚನಾ ಪ್ರಮೋದನ ಕಡೆ ತಿರುಗಿ, ಎಲ್ಲವನ್ನೂ ತೆಗೆಯಲು ಹೇಳಿ ಹೊರಟಳು. ಬಾಗಿಲ ಬಳಿ ನಿಂತು, ಕಾರಿದೆ, ಮನೆಗೆ ಬಿಡಲೇ ಎಂದು ಕೇಳಿದಳು. ದೀಕ್ಷಿತಾ ಬೇಡವೆಂದಳು; ನೋಡಿಕೊಂಡೇ ಹೋಗುತ್ತೇನೆ ಎಂದು ಪ್ರಮೋದನ ಪಕ್ಕ ಕುಳಿತಳು.

ಪ್ರಮೋದ್ ಗಾಜಿನ ಅಂಚಿನ ಕಪ್ಪನ್ನು ಎತ್ತಿ ನಡುವಿಗೆ ಹಚ್ಚುತ್ತ ಹೋದ. ಮೊದಲು ಮಾಸ್ಟರ್ ಹೋದರು, ಕುರ್ಚಿ ಹೋಯಿತು. ಆಮೇಲೆ ಅವಳ ಕಾಲು, ಸೊಂಟ, ಕೈ. ಪರದೆಯ ಮೇಲೆ ರಚನಾ ತನ್ನಷ್ಟಕ್ಕೆ ತಾನೇ ಕೈ ಎತ್ತಿದಳು. ಚೆನ್ನಾಗಿ ಎತ್ತಿದ್ದಳು.

ಶುಕ್ರವಾರ ವಿಡಿಯೊ ಬಂತು. ಶನಿವಾರ ಅರ್ಜಿಯ ಗಡುವು ಮುಗಿಯಿತು. ಅಳಿಸಿದ್ದು ಏಳು ಶಾಟುಗಳಲ್ಲಿ ಇನ್ನೂರ ಹದಿನಾರು ಫ್ರೇಮು. ಹೊತ್ತಿನ ಲೆಕ್ಕದಲ್ಲಿ ಒಂಬತ್ತು ಸೆಕೆಂಡು.