ಹಾವಿಗೊಂದು ಪಿಸ್ತೂಲು

ತನಗೆ ಬೇಕಾಗಿರುವುದು ಪಿಸ್ತೂಲೋ, ಅಥವಾ ಧಣಿಯ ಮಗಳು ಲೋರ್ನಾಳ ಕೈಯಲ್ಲಿ ನಿನ್ನೆ ಕಂಡದ್ದೆಂಬ ಕಾರಣಕ್ಕೆ ಅದು ಬೇಕೋ? ಹಸಿ ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಾ ಅಲ್ಮೀಟಾ ತನ್ನನ್ನೇ ಕೇಳಿಕೊಂಡಳು. ಕೇಳಿಕೊಂಡದ್ದಕ್ಕೆ ನಾಚಿಕೆಯಾಯಿತು. ಮನೆಗೆ ಗುಂಡು ಹೊಡೆದು ಹೋಗಿದ್ದಾರೆ, ಅಪ್ಪ ಮಲಗುವ ಮಂಚದ ಮೇಲೆ ಗೋಡೆ ತೂತಾಗಿದೆ, ಇವಳಿಗೆ ಹೊಟ್ಟೆಕಿಚ್ಚಿನ ಚಿಂತೆ.

"ಏ ಕಾಲೇಜು, ಕೈ ಆಡ್ಸೇ! ಪದವಿ ತಗಂಡವ್ಳೆ ಅಂತ ಎಲೆ ತಾನಾಗೇ ಕಟ್ಕೊಂತದಾ?" ರೋಡಾ ಚಿಕ್ಕಮ್ಮ ಎಲೆಯ ಹಿಡಿಯನ್ನು ಅವಳ ಮೂತಿಗೇ ತಂದಳು.

ಅಷ್ಟರಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಹಿಂದೆ ಢಂ ಎಂದಿತು. ಹೆಂಗಸರೆಲ್ಲ ಕೋಲು ಬಿಟ್ಟು ನೆಲಕ್ಕೆ ಕುಕ್ಕರಿಸಿದರು. ನಗುತ್ತಾ ಬಂದವಳು ಬಿಳಿಯ ಧಣಿ ಥಿಗ್ಪೆನ್ನನ ಮಗಳು ಲೋರ್ನಾ. ಕೈಯಲ್ಲಿ ಬಿಳಿ ಹಿಡಿಯ ಪುಟ್ಟ ಪಿಸ್ತೂಲು.

"ಹೆದರ್ಕೊಂಡ್ರಾ? ಡಬ್ಬಿಗೆ ಗುರಿ ಇಡ್ತಿದ್ದೆ ಕಣ್ರೇ. ಕಾಲೇಜು ಮುಗೀತಲ್ಲ, ಅಪ್ಪ ಕೊಡಿಸಿದ್ದು."

"ಚೆನ್ನಾಗೈತೆ ಮಿಸ್ ಲೋರ್ನಾ," ಮಂಡಿಯ ಮಣ್ಣು ಕೊಡವುತ್ತಾ ರೋಡಾ ಕೇಳಿದಳು, "ಷೆರೀಫ್ ಸಾಹೇಬ್ರು ಪರವಾನಗಿ ಕೊಟ್ಬಿಟ್ರಾ?"

"ಯಾಕೆ ಬೇಕಮ್ಮ ಅಂದ್ರು. ನಂಗಿಷ್ಟ ಅಂದೆ. ನಕ್ಕು ರುಜು ಹಾಕಿದ್ರು."

ಇಷ್ಟ. ಅಲ್ಮೀಟಾ ಬಿದ್ದ ಕೋಲನ್ನು ಎತ್ತಿಕೊಂಡು ಗಂಟನ್ನು ಬಿಗಿಯಾಗಿ ಎಳೆದಳು. ಅವಳೂ ಈ ಬೇಸಿಗೆಯಲ್ಲೇ ಕರಿಯರ ಕಾಲೇಜಿನಲ್ಲಿ ಪದವಿ ಮುಗಿಸಿ ಬಂದವಳು. ಇಬ್ಬರೂ ಒಂದೇ ಮರ ಹತ್ತಿ ಬೆಳೆದವರು. ಲೋರ್ನಾಳಿಗೆ ಹನ್ನೆರಡು ತುಂಬಿದ ಮಾರನೆಯ ದಿನ ಅಲ್ಮೀಟಾಳ ಅಪ್ಪ ಮಗಳನ್ನು ಕರೆದು, ಬಿಳಿಯರ ಹುಡುಗಿ, ಇನ್ನು ಮೇಲೆ ಅವಳನ್ನು 'ಮಿಸ್' ಎಂದೇ ಕರೆಯಬೇಕು ಎಂದಿದ್ದ. "ಅವ್ಳೂ ನನ್ನ ಹಂಗೇ ಕರೀತಾಳಾ?" ಎಂದು ಕೇಳಿ ಕೆನ್ನೆಗೆ ಏಟು ತಿಂದಿದ್ದಳು. ಆಮೇಲೆ ಅವಳ ದನಿ ಹೊರಗೆ ಕೇಳಿದವರು ಕಡಿಮೆ.

ಲೋರ್ನಾ ಮರೆಯಾದ ಮೇಲೆ ರೋಡಾ ಉಗಿದಳು. "ಇಷ್ಟವಂತೆ! ನಾವು ಕೇಳಕ್ಕೋದ್ರೆ ಹಾವು ಹೊಡೆಯಾಕೆ ಅನ್ಬೇಕು. ನಮ್ಮಜ್ಜನ ಕಾಲದಿಂದ್ಲೂ ನಮ್ಮೋರು ಆ ಕಚೇರೀಲಿ ಹಾವಿನ ಕತೇನೇ ಹೇಳ್ತಾ ಬಂದವ್ರೆ."

"ಎಷ್ಟು ಹಾವು ಸತ್ವೇ ರೋಡಕ್ಕ?" ಹೆಂಗಸೊಬ್ಬಳು ಕೇಳಿದಳು.

"ಒಂದೂ ಇಲ್ಲ ಕಣಮ್ಮಿ. ನಮ್ಮ ಹಾವು ಟ್ರಕ್ಕಲ್ಲಿ ಬತ್ತವೆ, ಬಿಳಿ ಮುಸುಕು ಹಾಕ್ಕೊಂಡು!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಅಲ್ಮೀಟಾ ನಗಲಿಲ್ಲ. ಅಪ್ಪ ಮತದಾರರ ಪಟ್ಟಿಗೆ ಹೆಸರು ಬರೆಸಿದ ವಾರವೇ, ಕರಿಯರು ಮತ ಹಾಕುವುದನ್ನು ಸಹಿಸದ ಬಿಳಿಯರ ಆ ಟ್ರಕ್ಕು ಬಂದಿತ್ತು. ಗುಂಡು ಹೊಡೆದವರನ್ನು ಹುಡುಕಲು ಬಂದ ಷೆರೀಫನ ಪೇದೆ, ಪರೀಕ್ಷೆ ಮಾಡಬೇಕೆಂದು ಅಪ್ಪನ ಬೇಟೆ ಕೋವಿಯನ್ನೇ ಹೊತ್ತೊಯ್ದಿದ್ದ. ಅದು ಇನ್ನೂ ಬಂದಿರಲಿಲ್ಲ.

ಮಧ್ಯಾಹ್ನ ಕಾಯಿ ಟೊಮೆಟೊ ಹಿಸುಕಿ, ಕೈಗೆ ಹತ್ತಿದ ಹೊಗೆಸೊಪ್ಪಿನ ಅಂಟು ಉಜ್ಜಿಕೊಂಡಳು. ಉಗುರ ಸಂದಿನ ಕಪ್ಪು ಮಾತ್ರ ಹೋಗಲಿಲ್ಲ.

"ನನ್ನ ಹೆಸ್ರಿಗಂತೂ ಪಿಸ್ತೂಲಿನ ಪರವಾನಗಿ ಕೊಡಲ್ಲ, ನಿನ್ನ ಹೆಸ್ರಲ್ಲಿ ಕೇಳಾನ," ಎಂದ ಅಪ್ಪ ಹೋರೇಸ್, ಷೆರೀಫನ ಕಚೇರಿಯ ದಾರಿಯಲ್ಲಿ. "ಯಾಕೆ ಅಂದ್ರೆ ಹಾವು ಅನ್ನು. ಸಂವಿಧಾನ ಗಿಂವಿಧಾನ ಅಂತ ನಾಲ್ಗೆ ಉದ್ದ ಮಾಡ್ಬೇಡ."

"ಆಯುಧ ಇಟ್ಕೊಳೋದು ಜನರ ಹಕ್ಕು ಅಂತ ಅದ್ರಲ್ಲಿ ಬರ್ದೈತಪ್ಪ."

"ಬರ್ದೈತೆ ಮಗಾ. ಜನ ಅಂದ್ರೆ ಯಾರು ಅಂತ ಷೆರೀಫ ಹೇಳ್ತಾನೆ."

ಕಚೇರಿಯಲ್ಲಿ ಬಿಳಿಯರ ಕೆಲಸವೆಲ್ಲ ಮುಗಿಯುವವರೆಗೆ ಇಬ್ಬರೂ ಗೋಡೆಗೆ ಒತ್ತಿ ನಿಂತಿದ್ದರು. ಒಳಗೆ ಕರೆದಾಗ ಥಿಗ್ಪೆನ್ ಅಲ್ಲೇ ಕಾಲು ಮೇಜಿಗೆ ಹಾಕಿ ಕೂತಿದ್ದ. ಪರವಾನಗಿ ಕೇಳುವವಳ ನಡತೆಗೆ ಸಾಕ್ಷಿ ಹೇಳಬೇಕಾದವನು ಅವನೇ.

"ಹುಡ್ಗಿ ನಡತೆ ಹೆಂಗೆ?" ಷೆರೀಫ್ ಅವನನ್ನು ಕೇಳಿದ.

"ಪಾಪದ ಪ್ರಾಣಿ. ಇರುವೆ ಮೆಟ್ಟಲ್ಲ."

"ಇರುವೆ ಮೆಟ್ಟದೋಳಿಗೆ ಪಿಸ್ತೂಲು ಯಾಕ್ಲಾ ಹೋರೇಸ?"

ಟೋಪಿ ಎದೆಗೆ ಒತ್ತಿ ಹಿಡಿದಿದ್ದ ಅಪ್ಪನಿಗೆ ಹೇಳಬೇಕಾದದ್ದು ಮರೆತುಹೋಯಿತು. "ಮನೆ ಕಾಯಾಕೆ ಸಾಹೇಬ್ರೆ."

"ಮನೆ ಯಾರ್ದು?"

ಅಪ್ಪ ಥಿಗ್ಪೆನ್ನನ ಕಡೆ ನೋಡಿದ. "ಧಣಿಗೋಳ್ದು."

"ಹಂಗಾದ್ರೆ ಕಾಯೋದೂ ಅವ್ರೇ. ನಿನಗ್ಯಾಕೆ ಆ ಕಷ್ಟ?"

"ಕಾಯ್ತೀನಪ್ಪ," ಥಿಗ್ಪೆನ್ ಆಕಳಿಸಿದ. "ಅವ್ರು ನನ್ನ ಮನೇಲಿರೋ ತನಕ."

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. "ಹಾವು ಸಾಹೇಬ್ರೆ, ಹಾವು ಅನ್ನಕ್ಕೋದೆ. ಹಾವಿನ ಕಾಟ."

"ಹಂಗ್ ಹೇಳು ಮತ್ತೆ! ಎಂಥಾ ಹಾವ್ಲಾ? ಹೆಂಗೆ ಬಂತು ತೋರ್ಸು ನೋಡಾನ."

ಅಪ್ಪ ಮಗಳ ಕಡೆ ನೋಡಲಿಲ್ಲ. ಟೋಪಿ ಕೆಳಗಿಟ್ಟ. ಬೆನ್ನು ಬಗ್ಗಿಸಿ, ಬಲಗೈಯನ್ನು ಹೆಡೆ ಮಾಡಿ, ಮೇಜಿನ ಸುತ್ತ ಅಂಕುಡೊಂಕಾಗಿ ನಡೆದ. ಬುಸ್ ಅಂದ. ಇನ್ನೂ ಜೋರಾಗಿ ಅನ್ನು ಅಂದರು; ಅಂದ. ಥಿಗ್ಪೆನ್ ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಸೂಳೇಮಗ, ಚೆನ್ನಾಗಿ ಆಡ್ತಾನೆ!" ಷೆರೀಫ್ ರುಜು ಹಾಕಲು ಪೆನ್ನು ತೆಗೆದು ಕಾಗದದ ಮೇಲೆ ಹಿಡಿದ. "ಹೋಗ್ಲಿ, ಕೊಟ್ಬಿಡ್ತೀನಿ. ಏ ಹುಡ್ಗಿ, ನೀನೂ ಒಂದ್ಸಲ ಬಾಯ್ಬಿಟ್ಟು ಹೇಳು. ಯಾತಕ್ಕೆ ಬೇಕು?"

ಅಲ್ಮೀಟಾ ಪೆನ್ನಿನ ತುದಿಯನ್ನೇ ನೋಡಿದಳು. ಒಂದು ಮಾತು ಅಂದರೆ ಪಿಸ್ತೂಲು ಬರುತ್ತದೆ. ಲೋರ್ನಾಳಿಗೂ ರುಜು ಹಾಕಿದ್ದು ಇದೇ ಪೆನ್ನು. ಅವಳ ಅಪ್ಪ ಹಾವಾಗಿ ಬುಸ್ ಅಂದಿರಲಿಲ್ಲ.

"ಹಾವಿಗಲ್ಲ," ಎಂದಳು.

"ಏನಂದೆ?"

"ಲೋರ್ನಾಗೆ ಯಾತಕ್ಕೆ ಕೊಟ್ರಿ?"

ಥಿಗ್ಪೆನ್ನನ ಕಾಲು ಮೇಜಿನಿಂದ ಇಳಿಯಿತು. "ಮಿಸ್ ಲೋರ್ನಾ ಅನ್ನೇ ಮುಂಡೆ! ಇವತ್ತು ಸಂಜೆಗೇ ನಿಮ್ಮ ಹಾಸಿಗೆ ರಸ್ತೇಲಿರುತ್ತೆ!"

ಅಪ್ಪ ಅವಳ ತೋಳು ಹಿಡಿದು ಎಳೆದ. ಆ ಕೈ ಇನ್ನೂ ಹೆಡೆಯ ಹಾಗೇ ಮಡಚಿಕೊಂಡಿತ್ತು. ಅವಳು ಅದನ್ನು ತನ್ನ ಕಪ್ಪು ಉಗುರಿನ ಕೈಯಲ್ಲಿ ಹಿಡಿದು, ಬೆರಳು ಬಿಡಿಸಿದಳು.

"ಲೋರ್ನಾ ಇಷ್ಟ ಅಂದ್ಲು, ಕೊಟ್ರಿ. ನಮ್ಮನೆಗೆ ಗುಂಡು ಹೊಡೆದೋರು ಇನ್ನೊಂದ್ಸಲ ಬಂದ್ರೆ ನಾನು ತಿರುಗಿ ಹೊಡೀಬೇಕು. ಅದಕ್ಕೆ ಬೇಕು."