ಕಚ್ಚಾ ಹೊಲಿಗೆ

ಗಾಜಿನ ಅಂಚಿಗೆ ಸುತ್ತಿದ್ದ ಕಪ್ಪು ಪಟ್ಟಿಯನ್ನು, ಎಲ್ಲರೂ ಇರುವೆ ಎಂದು ಕರೆಯುತ್ತಿದ್ದ ಹೆಂಗಸು ಮೂರು ಬದಿ ಬಿಡಿಸಿದ್ದಳು. ಇನ್ನೊಂದು ಬದಿ ಉಳಿದಿತ್ತು. ಮೇಜಿನ ಆಚೆ ಪ್ರೊಫೆಸರ್ ಕೋಟು ಹಾಕಿಕೊಂಡೇ ಕೂತು, ತಮ್ಮ ಉಸಿರಿಗೆ ಒಳಗಿನದು ಹಾರಿಹೋದೀತು ಎಂಬಂತೆ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಆ ಕೋಟಿನ ಬಲತೋಳಿನ ತುದಿಯಲ್ಲಿ, ಕಡುನೀಲಿ ಬಟ್ಟೆಯ ಮೇಲೆ, ಬಿಳಿ ದಾರದ ಉದ್ದುದ್ದ ಹೊಲಿಗೆ ಕಾಣುತ್ತಿತ್ತು. ಮಡಿಚಿ, ಸದ್ಯಕ್ಕೆ ನಿಲ್ಲಲಿ ಎಂದು ಹಿಡಿಸಿ, ಹಾಗೇ ಬಿಟ್ಟ ಹೊಲಿಗೆ. ಎರಡು ವರ್ಷದಿಂದ ಇರುವೆ ಅದನ್ನು ನೋಡುತ್ತಿದ್ದಳು. ಹೆಂಡತಿ ಹೋದ ಮೇಲೆ ಗಂಡಸರು ಹೀಗೇ ಆಗುತ್ತಾರೆ, ಒಂದು ದಿನ ಕೇಳಿ ಇಸಕೊಂಡು ಹೊಲಿದುಕೊಡಬೇಕು ಎಂದುಕೊಳ್ಳುತ್ತಿದ್ದಳು. ಕೇಳಲು ಸಂಕೋಚವಾಗುತ್ತಿತ್ತು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇತ್ತು. ಮೂವತ್ತಮೂರು ವರ್ಷದ ಹಿಂದೆ ಈ ಗ್ರಂಥಾಲಯದ, ಹಳೆಯ ಹಸ್ತಪ್ರತಿಗಳನ್ನು ಸರಿಮಾಡುವ ರಿಪೇರಿ ಕೋಣೆಗೆ ಕೆಲಸ ಕಲಿಯಲು ಬಂದ ಮೊದಲ ವಾರ, ಉಗುರಿನಷ್ಟು ಚರ್ಮದ ಚೂರೊಂದನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸಾಗಿಸಲು ಅವಳು ಇಡೀ ಬೆಳಿಗ್ಗೆ ತೆಗೆದುಕೊಂಡಿದ್ದಳು. ಕೋಣೆಯ ಯಜಮಾನಿ, ಅಂದರೆ ಪ್ರೊಫೆಸರ್ ಅವರ ಹೆಂಡತಿ, ಅದನ್ನು ನೋಡಿ ನಗಲಿಲ್ಲ. "ಇರುವೆ ಥರ ಇದ್ದೀಯ. ಒಳ್ಳೇದೇ. ಇರುವೆ ಏನನ್ನೂ ಬೀಳಿಸಲ್ಲ" ಅಂದಿದ್ದರು. ಆ ಹೆಸರು ನಿಂತಿತು. ಅವಳು ಅವರನ್ನು ಅಕ್ಕ ಎಂದು ಕರೆದಳು. ಅದೂ ನಿಂತಿತು.

ಅಕ್ಕ ದರ್ಜಿಯ ಮಗಳು. ಹರಿದ ಎರಡು ಚೂರು ಒಂದಕ್ಕೊಂದು ಸೇರುತ್ತವೆ ಅನ್ನಿಸಿದಾಗ, ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು, ಕಾಳಿನಷ್ಟೇ ಗಾತ್ರದ ತೆಳು ಕಾಗದದ ತುಂಡುಗಳನ್ನು ಗೋಧಿ ಅಂಟಿನಿಂದ ಹಿಡಿಸುತ್ತಿದ್ದರು. ಆಮೇಲೆ ದಿನಗಟ್ಟಲೆ ನೋಡುವುದು. ಬೆಳಕಿಗೆ ಹಿಡಿದು, ಮಗುಚಿ, ಮತ್ತೆ ನೋಡುವುದು. ಖಾತ್ರಿಯಾದ ಮೇಲೆ ಮಾತ್ರ ಬಿರುಕಿನ ಉದ್ದಕ್ಕೂ ಒಂದೇ ಪಟ್ಟಿ ಅಂಟಿಸುವುದು. "ಅನುಮಾನ ಇದ್ರೆ ಕಚ್ಚಾ, ಖಾತ್ರಿ ಆದ್ರೆ ಪಕ್ಕಾ. ನಮ್ಮಪ್ಪ ಕೋಟಿಗೂ ಹೀಗೇ ಮಾಡ್ತಿದ್ದರು" ಅನ್ನುತ್ತಿದ್ದರು. ಆ ಕೋಣೆಯಲ್ಲಿ ಇದನ್ನು ಯಾರೂ ಕಾಗದದ ಮೇಲೆ ಬರೆದಿಡಲಿಲ್ಲ. ಕೈಯಿಂದ ಕೈಗೆ ಬಂದ ಮಾತು. ಓದುವವರಿಗೆ, ಬರೆಯುವವರಿಗೆ ಇದು ಗೊತ್ತಿರಲೂ ಇಲ್ಲ. ಅವರು ಮುಂಬದಿಯನ್ನು ಮಾತ್ರ ನೋಡುತ್ತಿದ್ದರು.

ಗಾಜಿನೊಳಗೆ ಇದ್ದದ್ದು ಅಂಗೈಯಷ್ಟು ಅಗಲದ ಎರಡು ಚರ್ಮದ ಚೂರು. ಯೆಹೂದಿಗಳ ಹಳೆಯ ಸುರುಳಿಯೊಂದರ ಉಳಿಕೆ. ಅಕ್ಷರದ ಆಕಾರ ನೋಡಿ, ಯೇಸು ಹುಟ್ಟುವುದಕ್ಕೆ ನೂರು ವರ್ಷ ಮೊದಲಿನದು ಎಂದು ತಿಳಿದವರೆಲ್ಲ ಒಪ್ಪಿದ್ದರು. ಒಂದು ಚೂರಿನ ಕೊನೆಯಲ್ಲಿ "ನೀತಿವಂತನನ್ನು ಅವರು ಕೊಂದರು" ಎಂದಿತ್ತು. ಇನ್ನೊಂದರ ಮೊದಲಿಗೆ "ಅವನು ಎದ್ದು ಬರುವ ತನಕ ಕಾದಿರಿ" ಎಂದಿತ್ತು. ಬೇರೆ ಬೇರೆ ಇದ್ದರೆ ಎರಡೂ ಸಾಧಾರಣ ಮಾತು. ಒಂದೇ ಸಾಲಾದರೆ ಮಾತೇ ಬೇರೆ. ಕೊಲೆಯಾದವನು ಎದ್ದು ಬರುತ್ತಾನೆ ಎಂಬ ನಂಬಿಕೆ ಯೇಸುವಿಗಿಂತ ಮೊದಲೇ ಯೆಹೂದಿಗಳ ಒಂದು ಗುಂಪಿನಲ್ಲಿತ್ತು, ಕ್ರೈಸ್ತ ಧರ್ಮ ಸಿದ್ಧವಾಗಿದ್ದ ಆ ಅಚ್ಚಿನಲ್ಲೇ ಮೂಡಿತು ಎಂದು ಪ್ರೊಫೆಸರ್ ಬರೆದರು. ಇಲ್ಲ, ಆ ನಂಬಿಕೆ ಯೇಸು ಸತ್ತ ಮೇಲೆ ಶಿಷ್ಯರಿಗೆ ಆದ ಅನುಭವದಿಂದಲೇ ಹುಟ್ಟಿದ್ದು ಎಂದು ಇನ್ನೊಂದು ಪಕ್ಷದವರು ಬರೆದರು. ಮೂವತ್ತೊಂದು ವರ್ಷ ಈ ಜಗಳ ನಡೆದಿತ್ತು. ಈಗ ಪುಸ್ತಕ ಮೂರನೆಯ ಸಲ ಅಚ್ಚಾಗುತ್ತಿತ್ತು. ಈ ಸಲ ಹಿಂಬದಿಯ ಚಿತ್ರವೂ ಬೇಕು ಎಂದು ಪ್ರಕಾಶಕರು ಕೇಳಿದ್ದರು.

ಕೊನೆಯ ಪಟ್ಟಿ ಬಿಟ್ಟಿತು. ಮೇಲಿನ ಗಾಜು ತೆಗೆದು, ಮೆತ್ತನೆಯ ಕಾಗದ ಹೊದಿಸಿ, ಇರುವೆ ಎರಡೂ ಕೈಯಿಂದ ಮಗುಚಿದಳು. ಬೆನ್ನಿಗಿದ್ದ ರಟ್ಟನ್ನು ಎತ್ತಿದಳು.

ಮೇಲೊಂದು, ಕೆಳಗೊಂದು. ಕಾಳಿನಷ್ಟು. ಅಷ್ಟೇ.

ಅವಳು ದೀಪವನ್ನು ಹತ್ತಿರಕ್ಕೆ ಎಳೆದಳು. ಎಡಗಡೆಯ ಚರ್ಮದಲ್ಲಿ ರೋಮದ ಗುಳಿಗಳು ಸಾಲುಸಾಲಾಗಿದ್ದವು. ಅದು ಆಡು. ಬಲಗಡೆಯದರಲ್ಲಿ ಗುಳಿಗಳು ಎಲ್ಲೆಂದರಲ್ಲಿ ಚೆಲ್ಲಿದ್ದವು. ಅದು ಕರು. ಒಂದೇ ಹಾಳೆಯ ಒಂದೇ ಸಾಲು ಎರಡು ಪ್ರಾಣಿಯ ಮೈಮೇಲೆ ಇರಲಾರದು. ಇದನ್ನು ಕಾಣಲು ಅಕ್ಕನಂಥವರಿಗೆ ಒಂದು ದಿನ ಸಾಕಿತ್ತು.

"ಏನಮ್ಮ, ಹಾಳಾಗಿದೆಯಾ?"

"ಇಲ್ಲ ಸರ್. ಚೆನ್ನಾಗಿದೆ. ನೀವು ಹೊರಗೆ ಹೋಗಿ ಟೀ ಕುಡೀರಿ, ಅಷ್ಟರಲ್ಲಿ ಒರೆಸಿಟ್ಟಿರ್ತೀನಿ."

ಆ ಕೋಣೆಯಲ್ಲಿ ತಿನ್ನುವಂತಿರಲಿಲ್ಲ, ಕುಡಿಯುವಂತಿರಲಿಲ್ಲ. ಅವರು ಮೇಜು ಹಿಡಿದು ಎದ್ದು ಹೋದರು. ಎಂಬತ್ತೊಂದು ವಯಸ್ಸು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಇರುವೆ ಡ್ರಾಯರಿನಿಂದ ತೆಳು ಕಾಗದ ತೆಗೆದಳು. ಬಿರುಕಿನ ಉದ್ದಕ್ಕೆ ಸರಿಯಾಗಿ ಒಂದು ಪಟ್ಟಿ ಹರಿದಳು. ಅಂಟು ಬೆಳಿಗ್ಗೆಯೇ ಕಾಸಿಟ್ಟದ್ದಿತ್ತು. ಅಂಟಿಸಿ, ಭಾರ ಹೇರಿದರೆ ಮುಗಿಯಿತು, ಚಿತ್ರದಲ್ಲಿ ಪಕ್ಕಾ ಎಂದೇ ಕಾಣುತ್ತದೆ. ಆ ಗುಳಿಗಳನ್ನು ಓದಬಲ್ಲ ಕಣ್ಣು ಲೋಕದಲ್ಲಿ ಹತ್ತೋ ಹನ್ನೆರಡೋ ಇದ್ದಾವು. ಅವು ನೋಡುವ ಹೊತ್ತಿಗೆ ಈ ಮುದುಕರು ಇರುತ್ತಾರೋ ಇಲ್ಲವೋ. ಪಟ್ಟಿಯನ್ನು ಚಿಮಟದಲ್ಲಿ ಹಿಡಿದುಕೊಂಡೇ ಅವಳು ನಿಂತಳು. ಅಕ್ಕ ಕೊನೆಯ ತನಕ ಅಂಟಿಸದೆ ಬಿಟ್ಟದ್ದನ್ನು ತಾನು ಅಂಟಿಸಬೇಕು. ಕೈ ಮುಂದೆ ಹೋಗಲಿಲ್ಲ.

ಬಾಗಿಲು ತೆರೆಯಿತು. "ನಿನ್ನ ಟೀಗೆ ತಟ್ಟೆ ಮುಚ್ಚಿಟ್ಟು ಬಂದಿದ್ದೀನಿ. ಆರೋದರೊಳಗೆ ಹೋಗಿ ಕುಡಿ" ಅಂದರು ಪ್ರೊಫೆಸರ್. "ಅವಳಿದ್ದಾಗ ನನಗೂ ಹಾಗೇ ಮುಚ್ಚಿಡ್ತಿದ್ದಳು."

ಅವಳು ಪಟ್ಟಿಯನ್ನು ಕೆಳಗಿಟ್ಟಳು. "ಸರ್, ಕೂತ್ಕೊಳ್ಳಿ" ಅಂದಳು.

ಎಲ್ಲವನ್ನೂ ಹೇಳಿದಳು. ಮೊದಲು ಭೂತಗನ್ನಡಿ ಕೊಟ್ಟು ಗುಳಿಗಳನ್ನು ತೋರಿಸಿದಳು. ಆಮೇಲೆ ಕಪಾಟಿನಿಂದ ಅಕ್ಕ ಕೂಡಿಸಿದ ಬೇರೆ ಮೂರು ಚೂರುಗಳನ್ನು ತಂದು ಅವುಗಳ ಬೆನ್ನನ್ನು ತೋರಿಸಿದಳು. ಮೂರರಲ್ಲೂ ಈ ತುದಿಯಿಂದ ಆ ತುದಿಯವರೆಗೆ ಒಂದೇ ಪಟ್ಟಿ ಇತ್ತು. ಕಚ್ಚಾ, ಪಕ್ಕಾ ಅಂದರೆ ಏನೆಂದು ಮೆಲ್ಲಗೆ ವಿವರಿಸಿದಳು. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು.

ಕೊನೆಗೆ ಭೂತಗನ್ನಡಿಯನ್ನು ಮೇಜಿನ ಮೇಲೆ ಮಕಾಡೆ ಇಟ್ಟು, ಸಣ್ಣದಾಗಿ ನಕ್ಕರು. "ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ. ಆಡನ್ನೂ ಕರುವನ್ನೂ ಒಂದೇ ನೊಗಕ್ಕೆ ಕಟ್ಟಿ ಮೂವತ್ತೊಂದು ವರ್ಷ ಉತ್ತಿದ್ದೀನಿ."

ಇರುವೆ ನಗಲಿಲ್ಲ.

"ಅವಳು ನಿನಗೆ ಹೇಳಿದ್ದಳಾ?" ಅಂದರು ಪ್ರೊಫೆಸರ್.

"ಇಲ್ಲ ಸರ್. ಈ ಗಾಜು ಕಟ್ಟುವಾಗ ನನ್ನನ್ನ ಬೇರೆ ಕೆಲಸಕ್ಕೆ ಕಳಿಸಿದ್ದರು. ಒಬ್ಬರೇ ಕಟ್ಟಿದರು."

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, ಅವಳಿಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ತಿಳಿಯದ ಹಾಗೆ, ಒಂದೊಂದಾಗಿ ನೆನಪು ಮಾಡಿಕೊಂಡರು. ಎರಡೂ ಚೂರು ಕೂಡಿದ ಸಂಜೆ ತಾವು ಇದೇ ಕೋಣೆಯಲ್ಲಿ ಚಿಕ್ಕ ಹುಡುಗನ ಹಾಗೆ ಕುಣಿದದ್ದು. ಒಂದು ತಿಂಗಳು ತಡೀರಿ, ಇನ್ನೂ ಸ್ವಲ್ಪ ನೋಡಬೇಕು ಎಂದು ಹೆಂಡತಿ ಅಂದದ್ದು. ಹೆಂಗಸರು ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಾರೆ ಎಂದು ತಾವು ತಮಾಷೆ ಮಾಡಿದ್ದು. ಮರುವಾರವೇ ತುಂಬಿದ ಸಭೆಯಲ್ಲಿ ಓದಿಬಿಟ್ಟದ್ದು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದ್ದಳು. ಅದೂ ನೆನಪಿತ್ತು.

"ನಮ್ಮಣ್ಣ ಪಾದ್ರಿಯಾಗಿದ್ದ, ನಿನಗೆ ಗೊತ್ತಲ್ಲ" ಅಂದರು.

ಇರುವೆಗೆ ಗೊತ್ತಿತ್ತು. ಪುಸ್ತಕ ಬಂದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಅಕ್ಕ ಮಾತ್ರ ತಿಂಗಳಿಗೊಮ್ಮೆ ಭಾವನ ಮನೆಗೆ ಹೋಗಿ, ಅವರ ಅಂಗಿಗಳ ಗುಂಡಿ ಹೊಲಿದುಕೊಟ್ಟು ಬರುತ್ತಿದ್ದರು.

"ಪುಸ್ತಕ ಓದಿ ಮನೆಗೆ ಬಂದ. ಜಗಳಕ್ಕೆ ಬಂದಿದ್ದಾನೆ ಅಂದ್ಕೊಂಡೆ. ಒಂದೇ ಮಾತು ಕೇಳಿದ. ಈ ಎರಡು ಚೂರು ಕೂಡಿಸಿದ್ದು ಯಾರು ಅಂತ. ನನ್ನ ಹೆಂಡತೀನೇ ಅಂದೆ." ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದ್ರೆ ಈ ಜೋಡಣೆ ಬಿಚ್ಚಿಕೊಳ್ಳಲ್ಲ ಅಂದ. ಎದ್ದು ಹೋದ. ಆಮೇಲೆ ಅವನು ಪೀಠ ಹತ್ತಲೇ ಇಲ್ಲ. ಪ್ರಸಂಗ ಮಾಡೋದು ಬಿಟ್ಟ. ನನ್ನ ಮಾತು ನಂಬಿ ಅಲ್ಲ, ಅವಳ ಕೈ ನಂಬಿ."

ಅಣ್ಣ ಸತ್ತಾಗ ತಾವು ಹೋಗಲಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಅದೂ ಇರುವೆಗೆ ಗೊತ್ತಿತ್ತು.

"ತಿಂಗಳು ತಿಂಗಳು ಹೋಗ್ತಿದ್ದಳಲ್ಲ. ಅವನಿಗಾದ್ರೂ ಹೇಳಿದ್ದಳೋ ಏನೋ" ಅಂದರು. "ಹೇಳಿದ್ರೆ ಸಾಕು."

ಹೊರಗಿನ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬಿಡಿಸಮ್ಮ. ಇವತ್ತೇ ಬಿಡಿಸು. ನಾಳೆಗಾದ್ರೆ ನನಗೆ ಏನಾದ್ರೂ ಒಂದು ನೆಪ ಹೊಳೆಯುತ್ತೆ."

ಇರುವೆ ಸಣ್ಣ ಕುಂಚವನ್ನು ನೀರಿಗೆ ತಾಗಿಸಿ, ಬಟ್ಟೆಗೆ ಒತ್ತಿ, ಉಸಿರು ತಾಗಿದಷ್ಟು ಹಸಿ ಮಾತ್ರ ಉಳಿಸಿಕೊಂಡಳು. ಮೇಲಿನ ಕಾಗದಕ್ಕೆ ಸವರಿ ಕಾದಳು. ಗೋಧಿ ಅಂಟಿನ ಗುಣವೇ ಹಾಗೆ. ಎಷ್ಟು ವರ್ಷವಾದರೂ ಕೇಳಿದರೆ ಬಿಡುತ್ತದೆ. ಅದು ಬಿಟ್ಟಿತು. ಕೆಳಗಿನದನ್ನು ಬಿಡಿಸುವ ಮೊದಲು ಅವಳು ಕುಂಚವನ್ನು ಅವರ ಕಡೆ ಚಾಚಿದಳು. ಅವರು ಅದನ್ನು ತೆಗೆದುಕೊಂಡರು. ಅವಳು ಮಣಿಕಟ್ಟಿಗೆ ಕೈ ಆಸರೆ ಕೊಟ್ಟಳು. ಎರಡು ಚೂರುಗಳ ನಡುವೆ ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು ಮೇಜಿನ ಬಿಳುಪು ಕಾಣಿಸಿತು.

ಬಿಡಿಸಿದ ಕಾರಣವನ್ನು ಬರೆಯಲು ಒಂದು ಫಾರಂ ಇತ್ತು. ಅವಳು ಹಳೆಯ ಫಾರಂ ತೆಗೆದಳು. "ಜೋಡಿಸಿದವರು" ಎಂಬಲ್ಲಿ ಮೂವತ್ತೊಂದು ವರ್ಷದ ಹಿಂದೆ ಪ್ರೊಫೆಸರ್ ಬರೆದದ್ದು ತಮ್ಮದೇ ಹೆಸರು. ಹೊಸ ಫಾರಮಿನಲ್ಲಿ ಅವರು ಅದೇ ಜಾಗಕ್ಕೆ ಹೆಂಡತಿಯ ಹೆಸರನ್ನು ಬರೆದರು. ಕಾರಣದ ಜಾಗದಲ್ಲಿ, "ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು" ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಬರೆಯಲು ಹೋಗಿ, ಪೆನ್ನು ಮುಚ್ಚಿದರು.

ಅವರು ಹೊರಡಲು ಎದ್ದಾಗ ಕೋಟಿನ ತೋಳು ಮೇಜಿನ ಅಂಚಿಗೆ ಸಿಕ್ಕಿತು. ಬಿಳಿ ದಾರ ಒಂದಿಷ್ಟು ಎಳೆದುಬಂತು. ಇರುವೆ ಬಾಗಿ ಬಿಡಿಸಿದಳು.

"ಸರ್, ಈ ತೋಳು ಕೊಟ್ಟು ಹೋಗಿ. ಹತ್ತು ನಿಮಿಷ, ಹೊಲಿದುಕೊಡ್ತೀನಿ."

ಪ್ರೊಫೆಸರ್ ಎಡಗೈಯಿಂದ ತೋಳಿನ ತುದಿಯನ್ನು ಮುಚ್ಚಿಕೊಂಡರು.

"ಬೇಡಮ್ಮ" ಅಂದರು. "ಆಸ್ಪತ್ರೆಯಿಂದ ಬಂದು ಮುಗಿಸ್ತೀನಿ ಅಂದಿದ್ದಳು."

ಅವರು ಹಾಗೇ ಕೈ ಮುಚ್ಚಿಕೊಂಡು ಉದ್ದನೆಯ ಓಣಿಯಲ್ಲಿ ನಡೆದು ಹೋದರು. ಹೊರಗಿನ ಕೋಣೆಯ ಮೇಜಿನ ಮೇಲೆ ಇರುವೆಯ ಟೀ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಅವಳು ತಟ್ಟೆ ಎತ್ತಿದಳು. ಅದರ ಅಡಿಯಲ್ಲಿ ಹಬೆಯ ಹನಿಗಳು ಇನ್ನೂ ಇದ್ದವು.